‘ಫೋರ್‌ಗೆ ಹೋಗು’ ಎಂದರೆ ಎಲ್ಲಿಗೆ ಹೋಗಬೇಕು?

ಪ್ರಶ್ನೆ: ಮೂರು ವರ್ಷದಿಂದ ಯೂಟ್ಯೂಬ್ ನೋಡಿಕೊಂಡು ಗಿಟಾರ್ ನುಡಿಸುತ್ತಿದ್ದೇನೆ. ನಾಲ್ಕಾರು ಹಾಡಿಗೆ ಸ್ವಂತ ಟ್ಯೂನ್ ಹಾಕಿದ್ದೂ ಆಗಿದೆ. ಆದರೆ ಭಾನುವಾರ ಗೆಳೆಯರ ಜೊತೆ ಜ್ಯಾಮಿಂಗ್‌ಗೆ ಕೂತರೆ ಕೀಬೋರ್ಡಿನವನು ‘ಫೋರ್‌ಗೆ ಹೋಗು’ ಎನ್ನುತ್ತಾನೆ, ನನಗೆ ತಲೆಬುಡ ತಿಳಿಯುವುದಿಲ್ಲ. ಥಿಯರಿ ಕಲಿಯಲೇಬೇಕೇ? ಕಲಿತರೆ ಟ್ಯೂನ್ ಬರೀ ಲೆಕ್ಕಾಚಾರ ಆಗಿಬಿಡುತ್ತದೇನೋ ಎಂಬ ಭಯ.
– ಓದುಗ, ದಾವಣಗೆರೆ

ಉತ್ತರ: ಮೊದಲು ಆ ‘ಫೋರ್’ ಮುಗಿಸೋಣ. ಹಾಡು ಜಿ ಮೇಜರ್‌ನಲ್ಲಿದ್ದರೆ ಜಿ ಒಂದು. ಎ, ಬಿ, ಸಿ ಎಂದು ಎಣಿಸಿದರೆ ನಾಲ್ಕನೆಯದು ಸಿ. ಅಂದರೆ ಸಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿ ಎಂದರ್ಥ. ನಮ್ಮ ಸ-ರಿ-ಗ-ಮ ಲೆಕ್ಕವೇ ಅದು. ಹಾಡುವವರು ‘ತಗ್ಗಾಯ್ತು, ಇನ್ನೊಂದು ಮನೆ ಏರಿಸಿ’ ಎಂದರೆ ಶ್ರುತಿ ಜಿಯಿಂದ ಎಗೆ ಏರುತ್ತದೆ, ಜಿ-ಸಿ-ಡಿ ಕಾರ್ಡುಗಳು ಹೋಗಿ ಎ-ಡಿ-ಇ ಬರುತ್ತದೆ. ಒಂದು-ನಾಲ್ಕು-ಐದು ಮಾತ್ರ ಹಾಗೇ ಇರುತ್ತದೆ, ಅದಕ್ಕೇ ಅಂಕಿ. ನೀವು ಎರಡನೇ ಫ್ರೆಟ್‌ಗೆ ಕೇಪೋ (ತಂತಿಗಳನ್ನು ಅದುಮಿ ಹಿಡಿಯುವ ಕ್ಲಿಪ್) ಹಾಕಿ ಬಚಾವಾಗುತ್ತೀರಿ, ಕೀಬೋರ್ಡಿನವನು ಟ್ರಾನ್ಸ್‌ಪೋಸ್ (ಶ್ರುತಿ ಬದಲಿಸುವ) ಬಟನ್ ಒತ್ತುತ್ತಾನೆ. ಪಾಪ, ಬೇಸ್ ಗಿಟಾರಿನವನು ಏನು ಮಾಡಬೇಕು? ಅವನಿಗೆ ಈ ಅಂಕಿಯೇ ಗತಿ.

ಇನ್ನು ಭಯ. ಟ್ಯೂನ್ ಹುಟ್ಟುವಾಗ ಥಿಯರಿಯನ್ನು ಹತ್ತಿರ ಸೇರಿಸಬೇಡಿ. ಗುನುಗಿ, ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಥಿಯರಿ ಬೇಕಾಗುವುದು ಮರುದಿನ, ಪಲ್ಲವಿ ಆಗಿ ಚರಣ ಮುಂದೆ ಹೋಗದೆ ಕೂತಾಗ.

ನಿಮ್ಮ ಪಲ್ಲವಿ ಮೋಹನ ರಾಗದಲ್ಲಿದೆ ಎನ್ನಿ. ಜಿ ಷಡ್ಜ (ಸ) ಆದರೆ ಸ್ವರಗಳು ಜಿ, ಎ, ಬಿ, ಡಿ, ಇ. ಚರಣಕ್ಕೆ ಬೇರೆ ಸ್ವರ ಹುಡುಕಬೇಕಿಲ್ಲ. ಇ ಮೈನರ್ ಕಾರ್ಡ್ ಹಿಡಿದು, ಇವೇ ಐದು ಸ್ವರಗಳಲ್ಲಿ ಓಡಾಡಿ, ಪ್ರತಿ ಸಾಲನ್ನೂ ಇ ಮೇಲೆ ತಂದು ನಿಲ್ಲಿಸಿ. ಬಿಸಿಲಿಗೆ ಮೋಡ ಅಡ್ಡ ಬಂದ ಹಾಗಾಗುತ್ತದೆ. ಕರ್ನಾಟಕ ಸಂಗೀತದಲ್ಲಿ ಇದು ಗ್ರಹಭೇದ: ಸ್ವರಗಳು ಅವೇ, ಷಡ್ಜದ ಜಾಗ ಮಾತ್ರ ಬೇರೆ. ಹೊರಬೀಳುವುದು ಶುದ್ಧ ಧನ್ಯಾಸಿ ರಾಗ. ಗಿಟಾರಿನವರ ಬಾಯಲ್ಲಿ ಮೈನರ್ ಪೆಂಟಾಟೋನಿಕ್, ಅಂದರೆ ಐದು ಸ್ವರದ ಮೈನರ್ ಸ್ಕೇಲ್. ಜ್ಯಾಮಿಂಗ್‌ನಲ್ಲಿ ಯಾರಾದರೂ ‘ಇ ಮೈನರ್’ ಎಂದು ಕೂಗಿದರೆ ನೀವು ಗಾಬರಿಯಾಗಬೇಕಿಲ್ಲ, ಬೆರಳಿಗೆ ರೂಢಿಯಾದ ಈ ಮೋಹನವೇ ಸಾಕು.

ಒಂದು ತೊಡಕಿದೆ. ಮೋಹನದಲ್ಲಿ ಮ, ನಿ ಇಲ್ಲ. ಸಿ ಕಾರ್ಡಿನಲ್ಲಿ ಮ ಇದೆ, ಡಿ ಮೇಜರ್‌ನಲ್ಲಿ ನಿ ಇದೆ. ಹಾಡುವವರು ಮುಟ್ಟದ ಸ್ವರವನ್ನು ನಿಮ್ಮ ಗಿಟಾರ್ ಮುಟ್ಟಿಬಿಡುತ್ತದೆ. ಸಿನಿಮಾ ಹಾಡು ಕೇಳಿ ಬೆಳೆದ ಕಿವಿಗೆ ಅದು ಇಷ್ಟವೇ. ಶಾಸ್ತ್ರೀಯ ಕಲಿತವರು ಹುಬ್ಬು ಗಂಟಿಕ್ಕುತ್ತಾರೆ. ನನ್ನ ಕೇಳಿದರೆ, ಸಿ ಇರಲಿ. ಡಿ ಹಿಡಿದಾಗ ಮಾತ್ರ ಮೊದಲ ತಂತಿಯ ಮೇಲಿನ ಬೆರಳನ್ನು ಎತ್ತಿಬಿಡಿ: ನಿ ಹೋಗಿ ಅಲ್ಲಿ ಧ ಕೇಳುತ್ತದೆ.