ಸಮೋಸ ಮಾಡಿಕೊಡಿ, ಆದರೆ ಅಡುಗೆಮನೆಯಲ್ಲೇ ಉಳಿಯಬೇಡಿ

ಹೋದ ತಿಂಗಳ ಅಂಕಣದಲ್ಲಿ ನಮ್ಮೂರ ಚರ್ಚಿನ ಚಹಾ ಪಾಳಿಯ ಬಗ್ಗೆ ಎರಡು ಸಾಲು ಬರೆದಿದ್ದೆ. ಅಷ್ಟಕ್ಕೇ ಪತ್ರಗಳ ರಾಶಿ ಬಿದ್ದಿದೆ. ಹೊಸ ಓದುಗರಿಗಾಗಿ: ನಾನು ಧಾರವಾಡದ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಮನೆತನದವಳು. 1998ರಿಂದ ಇಂಗ್ಲೆಂಡಿನ ಡರ್ಬಿ ಹತ್ತಿರದ ಒಂದು ಸಣ್ಣ ಊರಿನಲ್ಲಿದ್ದೇನೆ. ಇಲ್ಲಿನ ಚರ್ಚ್ ಆಫ್ ಇಂಗ್ಲೆಂಡ್, ಅಂದರೆ ಆಂಗ್ಲಿಕನ್ ಸಭೆಯಲ್ಲಿ ಕಪ್ ತೊಳೆಯುವುದರಿಂದ ಹಿಡಿದು ಚರ್ಚ್‌ವಾರ್ಡನ್ (ಚರ್ಚಿನ ಉಸ್ತುವಾರಿಗೆ ಜನ ಆರಿಸಿದವರು) ಆಗುವವರೆಗೆ ಎಲ್ಲ ಮಾಡಿ ಆಗಿದೆ. ಹೂವಿನ ಅಲಂಕಾರ ಒಂದು ಬಿಟ್ಟು. ಅದನ್ನು ಇಲ್ಲಿನ ಅಜ್ಜಿಯರು ಯಾರಿಗೂ ಬಿಟ್ಟುಕೊಡುವುದಿಲ್ಲ.

ಪ್ರಶ್ನೆ: ಅಕ್ಕಾ, ವಂದನೆಗಳು. ನಾನು ಹುಬ್ಬಳ್ಳಿಯವಳು, ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಬಂದು ಎಂಟು ತಿಂಗಳಾಯಿತು. ಹತ್ತಿರದ ಆಂಗ್ಲಿಕನ್ ಚರ್ಚಿಗೆ ಹೋಗುತ್ತೇನೆ. ಮೊನ್ನೆ ವಿಕರ್ ಅಮ್ಮ (ಇಲ್ಲಿನ ಪಾದ್ರಿ) ಒಂದು ಹಾಳೆ ಕೊಟ್ಟು ಯಾವುದಕ್ಕಾದರೂ ಹೆಸರು ಕೊಡುತ್ತೀಯಾ ಎಂದರು. ಬಾಗಿಲಲ್ಲಿ ಸ್ವಾಗತ, ಸತ್ಯವೇದ (ಬೈಬಲ್) ಪಾಠ ಓದುವುದು, ಪ್ರಾರ್ಥನೆ ನಡೆಸುವುದು, ಕಾಫಿ, ಸಂಡೇ ಸ್ಕೂಲ್ ಎಲ್ಲ ಅದರಲ್ಲಿದೆ. ನನ್ನದು ಶಿಫ್ಟ್ ಕೆಲಸ, ಇಂಗ್ಲಿಷು ಅಷ್ಟಕ್ಕಷ್ಟೆ. ಮೇಲಾಗಿ ನಾವು ಸಿಎಸ್‌ಐ, ಇವರ ಸಭೆಯವರಲ್ಲ. ಆದರೆ ಸಮೋಸ ಮಾತ್ರ ಈಗಾಗಲೇ ಮೂರು ಸಲ ಮಾಡಿಸಿಕೊಂಡಿದ್ದಾರೆ. ಏನು ಮಾಡಲಿ?
— ಹೆಸರು ಬೇಡ, ಲೆಸ್ಟರ್

ಉತ್ತರ: ತಂಗೀ, ಮೂರು ಸಲ ಅಂದೆಯಲ್ಲ, ನನ್ನ ಲೆಕ್ಕ ಇಪ್ಪತ್ತು ದಾಟಿತ್ತು. ಧಾರವಾಡದಲ್ಲಿ ನಾನು ಸಮೋಸ ಮಾಡಿದವಳೇ ಅಲ್ಲ, ಬೇಕಾದರೆ ಅಂಗಡಿಯಿಂದ ತರುತ್ತಿದ್ದೆವು. ಇಲ್ಲಿಗೆ ಬಂದಮೇಲೆ ಸಮೋಸ ಕಲಿತೆ.

ಮೊದಲು ನಿನ್ನ ದೊಡ್ಡ ಅನುಮಾನ. ನೀನು ಇವರ ಸಭೆಯವಳಲ್ಲ ಎಂದು ಯಾರು ಹೇಳಿದರು? 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ ಆಯಿತು. ಆ ಸಭೆ ಇವತ್ತು ಜಗತ್ತಿನ ಆಂಗ್ಲಿಕನ್ ಒಕ್ಕೂಟದ ಸದಸ್ಯ. ಇನ್ನೊಂದು ಮಾತು. ಆರಾಧನೆಯ ನಡುವೆ ಇಲ್ಲಿನವರು ‘ನಿಮಗೆ ಸಮಾಧಾನವಿರಲಿ’ ಎನ್ನುತ್ತ ಒಬ್ಬರಿಗೊಬ್ಬರು ಕೈ ಕೊಡುತ್ತಾರಲ್ಲ, ಆ ಹಳೆಯ ಪದ್ಧತಿ ಈ ಕಾಲದ ಆಂಗ್ಲಿಕನ್ ಆರಾಧನೆಗೆ ಮರಳಿ ಬಂದುದರಲ್ಲಿ 1950ರ ನಮ್ಮ ಸಿಎಸ್‌ಐ ಆರಾಧನಾ ಕ್ರಮದ ಪಾಲು ದೊಡ್ಡದು. ನಾವು ಎರಡೂ ಅಂಗೈ ಸೇರಿಸಿ ಕೊಡುವುದನ್ನು ಇವರು ಶೇಕ್‌ಹ್ಯಾಂಡ್ ಮಾಡಿಕೊಂಡರು, ಅಷ್ಟೇ. ಹೆಂಗಸರಿಗೆ ಪಾದ್ರಿ ದೀಕ್ಷೆ ಸಿಎಸ್‌ಐಯಲ್ಲಿ 1976ರಲ್ಲೇ ಸಿಕ್ಕಿತು, ಚರ್ಚ್ ಆಫ್ ಇಂಗ್ಲೆಂಡಿನಲ್ಲಿ 1994ರಲ್ಲಿ. ಹಾಗಾಗಿ ಮುದುಡಿಕೊಂಡು ಹಿಂದಿನ ಬೆಂಚಿನಲ್ಲಿ ಕೂರಬೇಡ.

ಈಗ ಹಾಳೆಯ ವಿಷಯ. ಒಂದೇ ಒಂದು ಕೆಲಸ ಹಿಡಿ, ಅದೂ ಪಾಠ ಓದುವುದನ್ನು. ಕಾರಣ ಹೇಳುತ್ತೇನೆ ಕೇಳು.

ನಾನು ಹಿಡಿದದ್ದು ಕಾಫಿಯನ್ನು. ಚಹಾದ ದೊಡ್ಡ ಬಾಯ್ಲರ್ ಕುದಿಯುವುದಕ್ಕೆ ನಲವತ್ತು ನಿಮಿಷ ಬೇಕು, ಆರಾಧನೆ ಶುರುವಾಗುವ ಮೊದಲೇ ಸ್ವಿಚ್ ಹಾಕಬೇಕು. ಪಾದ್ರಿಯ ಪ್ರಸಂಗದ, ಅಂದರೆ ಉಪದೇಶದ ಹೊತ್ತಿಗೆ ಅದು ಗುಂಯ್‌ಗುಟ್ಟಲು ಶುರುಮಾಡುತ್ತದೆ, ನನ್ನ ಗಮನವೆಲ್ಲ ಆ ಕಡೆಗೆ. ಕೊನೆಯ ಸಂಗೀತಕ್ಕೆ ಎದ್ದು ಓಡು, ತಿಳಿಹಸಿರು ಬಣ್ಣದ ಕಪ್ ಸಾಸರ್ ಜೋಡಿಸು, ಬಿಸ್ಕತ್ತು ಸುರಿ. ಜನ ಬಂದು ಕುಡಿದು ಮಾತಾಡಿ ಹೋಗುವಾಗ ನಾನು ಸಿಂಕಿನ ಕಡೆ ಮುಖ ಮಾಡಿ ನಿಂತಿರುತ್ತಿದ್ದೆ. ಎರಡು ವರ್ಷ! ಎಲ್ಲರಿಗೂ ನನ್ನ ಸಮೋಸ ಗೊತ್ತಿತ್ತು, ನನ್ನ ಹೆಸರು ಗೊತ್ತಿರಲಿಲ್ಲ. ಯಾರೂ ಕೆಟ್ಟವರಲ್ಲ. ಅಡುಗೆಮನೆಯಲ್ಲಿ ನಿಂತವಳಿಗೆ ಅಲ್ಲೇ ಖುಷಿ ಎಂದುಕೊಂಡುಬಿಡುತ್ತಾರೆ.

ಒಂದು ದಿನ ಹಳೆಯ ವಿಕರ್ (ನಮ್ಮವ್ವ ಬಂದಾಗ ‘ಪಾಪ, ಅಯ್ಯನವರಿಗೆ ವಿಕಾರ ಅನ್ನಬಾರದು’ ಎಂದು ಬೈದಿದ್ದಳು) ನನ್ನನ್ನು ಪಾಠ ಓದಲು ಕರೆದರು. ಅದು ಪೆಂಟೆಕೊಸ್ಟ್ ಭಾನುವಾರ. ಅಪೊಸ್ತಲರ ಕೃತ್ಯಗಳು ಎರಡನೇ ಅಧ್ಯಾಯ, ಪಾರ್ಥಿಯಾ, ಫ್ರಿಜಿಯಾ, ಪಂಫೀಲಿಯಾ ಎಂದು ನಾಲಿಗೆ ತಿರುಚುವ ಊರುಗಳ ಪಟ್ಟಿ. ಉಳಿದವರೆಲ್ಲ ಅದಕ್ಕೆ ಹೆದರಿ ತಪ್ಪಿಸಿಕೊಂಡಿದ್ದರು ಎಂದು ಆಮೇಲೆ ಗೊತ್ತಾಯಿತು. ಓದುವ ಪೀಠ ಹದ್ದಿನ ಆಕಾರದ್ದು, ಆ ಹಿತ್ತಾಳೆ ಹದ್ದಿನ ರೆಕ್ಕೆಯ ಮೇಲೆ ಸತ್ಯವೇದ ಇಟ್ಟಿರುತ್ತಾರೆ. ನಾನು ಕುಳ್ಳಿ, ಸಭೆಗೆ ಕಂಡದ್ದು ಹದ್ದಿನ ಕೊಕ್ಕು ಮತ್ತು ನನ್ನ ಹಣೆ. ನಿಧಾನಕ್ಕೆ ಓದಿದೆ. ಮುಗಿದಾಗ ಗಾಬರಿಯಲ್ಲಿ ‘ಇದು ಕರ್ತನ ವಾಕ್ಯ’ ಎಂದು ಕನ್ನಡದಲ್ಲೇ ಅಂದುಬಿಟ್ಟೆ. ಸಭೆ ಎಂದಿನ ಹಾಗೆ ‘ಥ್ಯಾಂಕ್ಸ್ ಬಿ ಟು ಗಾಡ್’ ಎಂದಿತು. ಅವತ್ತು ಕಾಫಿ ಹೊತ್ತಿನಲ್ಲಿ ಏಳು ಜನ ಬಂದು ನನ್ನ ಹೆಸರು ಕೇಳಿದರು.

ನಿನ್ನ ಉಚ್ಚಾರದ ಚಿಂತೆ ಬಿಡು. ವಾರ್ಡಿನಲ್ಲಿ ಕಿವಿ ಕೇಳದ ಮುದುಕರಿಗೆ ದಿನಾ ಔಷಧಿ ವಿವರಿಸುವವಳು ನೀನು. ಚರ್ಚಿನಲ್ಲಿ ಕೂತಿರುವುದೂ ಹೆಚ್ಚಾಗಿ ಅವರೇ. ಪಾಠ ಯಾವುದು ಎಂದು ಒಂದು ವಾರ ಮುಂಚೆ ಕೇಳಿ ತಗೋ, ರಾತ್ರಿ ಎರಡು ಸಲ ಗಟ್ಟಿಯಾಗಿ ಓದು. ಶಿಫ್ಟಿಗೂ ಇದೇ ಹೊಂದುತ್ತದೆ. ನಮ್ಮಲ್ಲಿ ಮೂರು ತಿಂಗಳಿಗೊಮ್ಮೆ ರೋಟಾ, ಅಂದರೆ ಪಾಳಿಯ ಪಟ್ಟಿ ಹಾಕುತ್ತಾರೆ, ಬಾರದ ದಿನ ಇನ್ನೊಬ್ಬರ ಜೊತೆ ಅದಲುಬದಲು. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಸಂಬಳವಿಲ್ಲದ ಸ್ವಯಂಸೇವೆಗೆ ಅಡ್ಡಿಯಿಲ್ಲ.

ಇನ್ನು ಯಾರೂ ತಾವಾಗಿ ಹೇಳದ ಒಂದು ಮಾತು. ‘ಎಲೆಕ್ಟೋರಲ್ ರೋಲ್’ ಎಂದು ಸಭೆಯದೇ ಒಂದು ಮತದಾರರ ಪಟ್ಟಿ ಇರುತ್ತದೆ, ಅದರಲ್ಲಿ ಹೆಸರು ಹಾಕಿಸು. ದೀಕ್ಷಾಸ್ನಾನ ಆಗಿರಬೇಕು, ಹದಿನಾರು ತುಂಬಿರಬೇಕು, ಪ್ಯಾರಿಷ್‌ನೊಳಗೆ (ಆ ಚರ್ಚಿನ ವ್ಯಾಪ್ತಿಯ ಪ್ರದೇಶದಲ್ಲಿ) ಮನೆ ಇರಬೇಕು ಅಥವಾ ಆರು ತಿಂಗಳಿಂದ ಅಲ್ಲಿ ಆರಾಧನೆಗೆ ಬರುತ್ತಿರಬೇಕು. ನಿನಗೆ ಎಂಟು ತಿಂಗಳಾಯಿತು. ಸಿಎಸ್‌ಐಯಲ್ಲಿ ಆದ ದೀಕ್ಷಾಸ್ನಾನವೂ ಸಲ್ಲುತ್ತದೆ. ಒಂದು ಪುಟದ ಅರ್ಜಿ, ಕಾಸಿಲ್ಲ. ಆ ಪಟ್ಟಿಯಲ್ಲಿ ಆರು ತಿಂಗಳಿದ್ದು ಕರ್ತನ ಭೋಜನ ತೆಗೆದುಕೊಳ್ಳುವವಳಾದರೆ ಪಿಸಿಸಿಗೆ, ಅಂದರೆ ನಮ್ಮ ಸಭಾ ಸಮಿತಿ ಇದ್ದ ಹಾಗೆ, ಚುನಾವಣೆಗೆ ನಿಲ್ಲಬಹುದು. ಆ ಚುನಾವಣೆ ನಡೆಯುವ ವಾರ್ಷಿಕ ಸಭೆ ಮೇ 31ರೊಳಗೆ ನಡೆಯಲೇಬೇಕು. ಹೀಟರ್ ಯಾವ ತಾಪಮಾನಕ್ಕೆ ಇಡಬೇಕು, ಸೂರಿಗೆ ದುಡ್ಡು ಎಲ್ಲಿಂದ, ಕೊನೆಗೆ ಸಮೋಸ ಯಾರು ಮಾಡಬೇಕು ಎಂಬುದೂ ತೀರ್ಮಾನ ಆಗುವುದು ಆ ಪಿಸಿಸಿಯಲ್ಲಿ.

ಉಳಿದ ಕೆಲಸಗಳಿಗೆ ಈ ವರ್ಷ ಬೇಡ ಎನ್ನು. ನಾನು ಒಂದು ಡಿಸೆಂಬರಿನಲ್ಲಿ ಎಲ್ಲಕ್ಕೂ ಹೂಂ ಅಂದು, ಕ್ರಿಸ್ಮಸ್ ನಡುರಾತ್ರಿ ಆರಾಧನೆಯಲ್ಲಿ ಪಾದ್ರಿಗಳ ನಿಲುವಂಗಿ ಇಡುವ ಕೋಣೆಯಲ್ಲಿ ಮೇಣದಬತ್ತಿ ಪೆಟ್ಟಿಗೆಗೆ ತಲೆಯಿಟ್ಟು ನಿದ್ದೆ ಹೋಗಿದ್ದೆ. ನಮ್ಮ ಯಜಮಾನರು ಹಾಸಿಗೆ ತಂದುಕೊಡಲಾ ಅಂದರು. ತಮಾಷೆಗೆ ಹೇಳಿದ್ದಲ್ಲ.

ಅಂದಹಾಗೆ, 2025ರ ಅಕ್ಟೋಬರಿನಲ್ಲಿ ಚರ್ಚ್ ಆಫ್ ಇಂಗ್ಲೆಂಡಿನ ಪಾದ್ರಿಗಳಲ್ಲೇ ದೊಡ್ಡ ಹುದ್ದೆಯಾದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸ್ಥಾನಕ್ಕೆ ಹೆಸರಿಸಲಾದ ಸಾರಾ ಮುಲಾಲಿ ಮೊದಲು ನರ್ಸ್ ಆಗಿದ್ದವರು, ಇಂಗ್ಲೆಂಡಿನ ಮುಖ್ಯ ನರ್ಸಿಂಗ್ ಅಧಿಕಾರಿಯೂ ಆಗಿದ್ದರು. ಮುಂದಿನ ಸಲ ಯಾರಾದರೂ ಸಮೋಸ ಕೇಳಿದಾಗ ಈ ಮಾತು ತೆಗಿ.

ಪ್ರಶ್ನೆ: ನಾವು ಹಿಂದೂಗಳು. ಮಗುವನ್ನು ಚರ್ಚಿನ ಹಾಲ್‌ನಲ್ಲಿ ನಡೆಯುವ ಟಾಡ್ಲರ್ ಗ್ರೂಪಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲೇ ಕಷ್ಟದಲ್ಲಿರುವವರಿಗೆ ಪುಕ್ಕಟೆ ದಿನಸಿ ಕೊಡುವ ಫುಡ್ ಬ್ಯಾಂಕೂ ಇದೆ, ಗುರುವಾರ ಕೈಜೋಡಿಸುತ್ತೀರಾ ಎಂದು ಕೇಳಿದರು. ನನಗೆ ಇಷ್ಟವೇ. ಆದರೆ ಅತ್ತೆ ಫೋನಿನಲ್ಲಿ ‘ಹುಷಾರು, ಮತಾಂತರ ಮಾಡಿಬಿಡುತ್ತಾರೆ’ ಅನ್ನುತ್ತಾರೆ.
— ರೆಡಿಂಗ್‌ನಿಂದ ಒಬ್ಬ ತಾಯಿ

ಉತ್ತರ: ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಆಂಗ್ಲಿಕನ್ನರ ಜೊತೆ ಇಷ್ಟು ವರ್ಷ ಕಳೆದವಳಾಗಿ ಹೇಳುತ್ತೇನೆ: ಇವರಿಗೆ ದೇವರ ವಿಷಯ ತೆಗೆಯುವುದೆಂದರೆ ಸಂಬಳ ಎಷ್ಟು ಎಂದು ಕೇಳಿದಷ್ಟು ಮುಜುಗರ. ನಿಮ್ಮ ಹತ್ತಿರ ಮಳೆಯ ಬಗ್ಗೆ ಮಾತಾಡುತ್ತಾರೆ, ಬಹಳ ಸಲಿಗೆಯಾದರೆ ಮೊಣಕಾಲು ನೋವಿನ ಬಗ್ಗೆ.

ಫುಡ್ ಬ್ಯಾಂಕಿಗೆ ಯಾವ ಧರ್ಮದವರಾದರೂ ಸರಿ. ಇಲ್ಲಿನ ದೊಡ್ಡ ಫುಡ್ ಬ್ಯಾಂಕ್ ಜಾಲವಾದ ಟ್ರಸಲ್‌ನ ಮೊದಲ ಕೇಂದ್ರ ಸಾಲ್ಸ್‌ಬರಿಯಲ್ಲಿ 2000ದಲ್ಲಿ ಶುರುವಾಯಿತು. ಬಂದ ಡಬ್ಬಿಗಳನ್ನು ತೂಗುವುದು, ತಾರೀಖು ನೋಡಿ ವಿಂಗಡಿಸುವುದು, ನೆರವಿನ ಚೀಟಿ ತಂದ ಮನೆಯವರಿಗೆ ಮೂರು ದಿನಕ್ಕಾಗುವ ಚೀಲ ಕಟ್ಟುವುದು, ಇದು ಕೆಲಸ. ನಿಮ್ಮ ಕಣ್ಣು ಅಲ್ಲಿ ಬೇಕು. ಸಸ್ಯಾಹಾರಿ ಮನೆಗೆ ಹೋಗುವ ಸೂಪಿನ ಡಬ್ಬಿಯಲ್ಲಿ ಕೋಳಿಯ ಸಾರು ಸೇರಿದೆಯೇ ಎಂದು ಡಬ್ಬಿ ತಿರುಗಿಸಿ ಓದಿ ನೋಡುವ ಅಭ್ಯಾಸ ನಮ್ಮವರಿಗೆ ಇದ್ದಷ್ಟು ಇಲ್ಲಿನವರಿಗಿಲ್ಲ. ಬಂದವರ ಮುಖ ಮಾತ್ರ ದಿಟ್ಟಿಸಬೇಡಿ. ಒಂದು ಕುರ್ಚಿ, ಒಂದು ಕಪ್ ಚಹಾ ಕೊಟ್ಟು, ಮಗು ಇದ್ದರೆ ಮಗುವನ್ನು ಮಾತಾಡಿಸಿ.

ಒಂದು ಸ್ವಾರಸ್ಯ ಇದೆ. ಸಭೆಯ ಎಲೆಕ್ಟೋರಲ್ ರೋಲಿಗೆ ನಿಮ್ಮ ಹೆಸರು ಬರುವುದಿಲ್ಲ. ಆದರೆ ಚರ್ಚ್‌ವಾರ್ಡನ್‌ಗಳನ್ನು ಆರಿಸುವ ಸಭೆಗೆ ಆ ಪ್ಯಾರಿಷ್‌ನೊಳಗೆ ವಾಸವಾಗಿದ್ದು ಊರಿನ ಸರ್ಕಾರಿ ಮತದಾರರ ಪಟ್ಟಿಯಲ್ಲಿರುವ ಯಾರಾದರೂ ಹೋಗಿ ಕೈ ಎತ್ತಬಹುದು. ಕಾಮನ್‌ವೆಲ್ತ್ ಪ್ರಜೆಗಳಾದ ನಾವು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಇಲ್ಲಿನ ಮತದಾರರ ಪಟ್ಟಿಗೆ ಸೇರಬಹುದು. ಅಂದರೆ ನಿಮ್ಮ ಅತ್ತೆಯ ಸೊಸೆ ಆಂಗ್ಲಿಕನ್ ಚರ್ಚಿನ ವಾರ್ಡನ್‌ಗೆ ವೋಟು ಹಾಕಬಹುದು! ಇದನ್ನು ಫೋನಿನಲ್ಲಿ ಹೇಳಬೇಡಿ.

ಪ್ರಶ್ನೆ: ಮಗ ಇಂಗ್ಲೆಂಡಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ವಿಡಿಯೊ ಕಾಲ್‌ನಲ್ಲಿ ಕೇಳಿದರೆ ಚರ್ಚಿನ ಗೋಪುರ ಹತ್ತಿ ಗಂಟೆ ಬಾರಿಸಲು ಹೋಗುತ್ತೇನೆ ಅನ್ನುತ್ತಾನೆ. ಸಾಲ ಮಾಡಿ ಓದಿಸಿದ್ದು ಇದಕ್ಕಾ ಮೇಡಂ?
— ಮಂಡ್ಯದಿಂದ ಒಬ್ಬ ತಂದೆ

ಉತ್ತರ: ಸಾರ್, ಅದು ನಮ್ಮ ಪೂಜೆಯ ಗಂಟೆ ಅಲ್ಲ, ಶುದ್ಧ ಗಣಿತ. ಗೋಪುರದಲ್ಲಿ ಆರು ಗಂಟೆಗಳಿವೆ ಎನ್ನಿ, ಒಬ್ಬೊಬ್ಬರ ಕೈಗೆ ಒಂದೊಂದು ಹಗ್ಗ. ಒಂದು ಸುತ್ತಿನ ಕ್ರಮ ಇನ್ನೊಂದು ಸುತ್ತಿನಲ್ಲಿ ಮರುಕಳಿಸಬಾರದು. ಆರಕ್ಕೆ 720 ಕ್ರಮ, ಸುಮಾರು ಮೂವತ್ತು ನಿಮಿಷದ ಕೆಲಸ. ಏಳಕ್ಕೆ 5040, ಮೂರು ತಾಸು ನಿಲ್ಲದೆ ಎಳೆಯಬೇಕು. ಬರೆದುಕೊಂಡು ನೋಡುವ ಹಾಗಿಲ್ಲ, ಎಲ್ಲ ತಲೆಯಲ್ಲೇ. ಸಾಫ್ಟ್‌ವೇರ್ ಹುಡುಗರು ಇದಕ್ಕೆ ಬೇಗ ಅಂಟಿಕೊಳ್ಳುತ್ತಾರೆ.

ನಾನೂ ಒಮ್ಮೆ ಹಗ್ಗ ಹಿಡಿದಿದ್ದೆ. ಬಣ್ಣದ ಉಣ್ಣೆ ಸುತ್ತಿದ ಹಿಡಿ ಇರುತ್ತದೆ, ಎಳೆದು ಸರಿಯಾದ ಗಳಿಗೆಗೆ ಬಿಡಬೇಕು. ನಾನು ಬಿಡಲಿಲ್ಲ. ಗಂಟೆ ಪೂರ್ತಿ ಒಂದು ಸುತ್ತು ತಿರುಗುವಂಥದ್ದು, ಹಗ್ಗ ನನ್ನನ್ನೂ ಮೇಲಕ್ಕೆತ್ತಿತು. ಕಲಿಸುತ್ತಿದ್ದ ಅಜ್ಜ ಸೊಂಟ ಹಿಡಿದು ಇಳಿಸಿದರು. ಅದಾದಮೇಲೆ ಕಾಫಿಯೇ ವಾಸಿ ಅನ್ನಿಸಿತ್ತು. ನಂಬಿಕೆ ಇಲ್ಲದವರೂ ಗಂಟೆ ತಂಡದಲ್ಲಿ ಬೇಕಾದಷ್ಟು ಇದ್ದಾರೆ, ಬಾರಿಸಿ ಆದಮೇಲೆ ಒಟ್ಟಿಗೆ ಪಬ್ಬಿಗೆ ಹೋಗುವ ರೂಢಿಯೂ ಇದೆ. ನೀವು ಕೇಳಬೇಕಾದದ್ದು ಆ ಪಬ್ಬಿನ ಬಗ್ಗೆ, ಗಂಟೆಯ ಬಗ್ಗೆ ಅಲ್ಲ.

ಪ್ರಶ್ನೆ: ಶಿವಮೊಗ್ಗದಲ್ಲಿ ಮೂವತ್ತು ವರ್ಷ ಟೀಚರ್ ಆಗಿದ್ದೆ, ಸಂಡೇ ಸ್ಕೂಲ್ ಕೂಡ ನಡೆಸಿದ್ದೇನೆ. ಮಗಳ ಮನೆಗೆ ಆರು ತಿಂಗಳಿಗೆ ಬರುತ್ತಿದ್ದೇನೆ. ಅಲ್ಲಿನ ಸಂಡೇ ಸ್ಕೂಲಿನಲ್ಲಿ ಪಾಠ ಹೇಳಬಹುದೇ? ಪೊಲೀಸ್ ಪರಿಶೀಲನೆ ಇದೆ ಎಂದು ಮಗಳು ಹೇಳಿದಳು. ಕೇಳಿ ಬೇಜಾರಾಯಿತು.
— ನಿವೃತ್ತ ಶಿಕ್ಷಕಿ

ಉತ್ತರ: ಬೇಜಾರು ಬೇಡ ಟೀಚರ್. ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಹಿಂದೆ ಅಪರಾಧ ಮಾಡಿದ್ದಾರೆಯೇ ಎಂದು ನೋಡುವ ಡಿಬಿಎಸ್ ಎಂಬ ಪರಿಶೀಲನೆ, ಸುರಕ್ಷತೆಯ ತರಬೇತಿ ಎರಡೂ ಇರುತ್ತವೆ. ಪಾದ್ರಿಗಳಿಗೂ ತಪ್ಪಿದ್ದಲ್ಲ. ಇವರ ಚರ್ಚುಗಳಲ್ಲಿ ಮಕ್ಕಳಿಗೆ ಹಿಂದೆ ಅನ್ಯಾಯ ಆಗಿದೆ, ಅದು ಮುಚ್ಚಿಹೋದದ್ದೂ ಇದೆ. ಆಮೇಲೆ ಬಿಗಿಯಾದ ಕಟ್ಟುಪಾಡು ಇದು, ನನಗಂತೂ ಇದು ಸರಿಯೆನ್ನಿಸುತ್ತದೆ. ಆದರೆ ನಿಮ್ಮ ವಿಷಯದಲ್ಲಿ ಭಾರತದ ಪೊಲೀಸ್ ಪತ್ರವನ್ನೂ ಕೇಳಬಹುದು, ಅದೆಲ್ಲ ಕೈಗೆ ಬರುವಷ್ಟರಲ್ಲಿ ನಿಮ್ಮ ವಾಪಸ್ ಟಿಕೆಟ್ ಬಂದಿರುತ್ತದೆ. ವಿಸಿಟರ್ ವೀಸಾದಲ್ಲಿ ಸ್ವಯಂಸೇವೆಗೆ ಒಟ್ಟು 30 ದಿನ ಮಾತ್ರ ಅವಕಾಶ, ಅದೂ ನೋಂದಾಯಿತ ಚಾರಿಟಿಯಲ್ಲಿ. ವರ್ಷಕ್ಕೆ ಒಂದು ಲಕ್ಷ ಪೌಂಡಿಗಿಂತ ಕಡಿಮೆ ಆದಾಯದ ಸಣ್ಣ ಸಭೆಗಳು ಎಷ್ಟೋ ನೋಂದಣಿ ಮಾಡಿಸಿರುವುದಿಲ್ಲ, ಮಗಳಿಗೆ ಹೇಳಿ ಮೊದಲೇ ವಿಚಾರಿಸಿಕೊಳ್ಳಿ.

ಸಾಧ್ಯವಾದರೆ ಸೆಪ್ಟೆಂಬರಿನೊಳಗೆ ಬನ್ನಿ, ಸುಗ್ಗಿ ಹಬ್ಬ ಸಿಗುತ್ತದೆ. ನಮ್ಮೂರ ಚರ್ಚಿನಲ್ಲಿ ಜನ ತಂದದ್ದನ್ನು ಹರಾಜು ಹಾಕುವ ಹಾಗೆ ಇಲ್ಲಿ ಹರಾಜಿಲ್ಲ, ಡಬ್ಬಿ ಪೊಟ್ಟಣ ತಂದು ಫುಡ್ ಬ್ಯಾಂಕಿಗೆ ಕೊಡುತ್ತಾರೆ. ಒಂದು ವರ್ಷ ನಾನು ಹಟ ಹಿಡಿದು ಹರಾಜು ಇಡಿಸಿದೆ. ಸೋರೆಕಾಯಿಯಷ್ಟು ದೊಡ್ಡ ಮ್ಯಾರೋ ಕಾಯಿ ಎತ್ತಿ ಹಿಡಿದು ಕೂಗಿದರೆ ಒಬ್ಬರು ಐದು ಪೌಂಡ್ ಅಂದರು. ಪಕ್ಕದವರು ‘ಅಯ್ಯೋ, ಅವರಿಗೆ ಬೇಕಂತೆ, ಅವರೇ ತಗೊಳ್ಳಲಿ’ ಎಂದು ಸುಮ್ಮನಾದರು. ಹರಾಜು ಅಲ್ಲಿಗೇ ಮುಗಿಯಿತು. ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ ಬೆಲೆ ಏರಿಸುವುದಕ್ಕೆ ಮೂವತ್ತು ವರ್ಷ ತರಗತಿ ಆಳಿದ ಗಂಟಲು ಬೇಕು, ನನ್ನದು ಸಾಲುವುದಿಲ್ಲ. ಡರ್ಬಿ ಕಡೆ ಬಂದರೆ ತಿಳಿಸಿ, ಮ್ಯಾರೋ ನಾನು ಹಿಡಿದುಕೊಳ್ಳುತ್ತೇನೆ.