ಹಿತ್ತಲಿಗೆ ಬಂದ ಗಿಡುಗ ಯಾವುದು?

ತಂಗಿ, "ಅಕ್ಕಾರ" ಎಂದು ಕರೆದು ಬರೆದಿರುವೆ. ಅದೇ ಸಲುಗೆಯಿಂದ ಏಕವಚನದಲ್ಲಿಯೇ ಉತ್ತರಿಸುತ್ತೇನೆ. ವಿಜಯಪುರದಿಂದ ಅಮೆರಿಕದ ಓಹಾಯೋಗೆ ಬಂದು ಮೂರು ತಿಂಗಳಾಯಿತೆಂದೂ, ಬೇಸರ ಕಳೆಯಲು ಹಿತ್ತಲಿನಲ್ಲಿ ಹಕ್ಕಿಗಳಿಗೆ ಕಾಳಿನ ಫೀಡರ್ ತೂಗುಹಾಕಿದ್ದೀಯೆಂದೂ, ಮೊನ್ನೆ ಬೂದುಬಣ್ಣದ ಹದ್ದೊಂದು ಎರಗಿ ಪಾರಿವಾಳದಂಥ ಹಕ್ಕಿಯನ್ನು ನಿನ್ನ ಕಣ್ಣೆದುರಿಗೇ ಹೊತ್ತೊಯ್ದಿತೆಂದೂ ಬರೆದಿರುವೆ. ಅದು ಯಾವ ಹಕ್ಕಿ, ಅದನ್ನು ಓಡಿಸುವುದು ಹೇಗೆ, ಕಾಳು ಹಾಕಿದ್ದೇ ತಪ್ಪಾಯಿತೇ ಎಂಬುದು ನಿನ್ನ ಪ್ರಶ್ನೆ.

ಮೊದಲನೆಯದಾಗಿ, ಅದು ಹದ್ದಲ್ಲ, ಗಿಡುಗ. ನಮ್ಮ ಕಡೆ ಕೊಕ್ಕು ಬಾಗಿದ ಹಕ್ಕಿಗಳಿಗೆಲ್ಲ ಹದ್ದು ಎಂದುಬಿಡುವ ರೂಢಿಯಿದೆ. ಬಾಗಲಕೋಟೆಯ ನವನಗರದ ನಮ್ಮ ಮನೆಯ ಬೇವಿನ ಮರಕ್ಕೆ ಶಿಕ್ರಾ ಎಂಬ ಚಿಕ್ಕ ಗಿಡುಗ ಬಂದು ಕುಳಿತ ಕೂಡಲೇ ಅಳಿಲುಗಳು ಒಂದೇ ಸಮನೆ ಒದರತೊಡಗುತ್ತಿದ್ದವು. ನೀನೂ ಅದನ್ನು ಕೇಳಿರುತ್ತೀ. ಇಲ್ಲಿ ಫೀಡರಿಗೆ ಬರುವ ಗಿಡುಗಗಳು ಅದೇ ಶಿಕ್ರಾದ ದಾಯಾದಿಗಳು. ಗಿಡ್ಡನೆಯ ದುಂಡು ರೆಕ್ಕೆ ಮತ್ತು ಉದ್ದನೆಯ ಬಾಲ ಇರುವುದರಿಂದ ಇವು ಮರಗಳ ಸಂದಿಯಲ್ಲಿ ತಿರುಗಿ ತಿರುಗಿ ಹಾರಬಲ್ಲವು. ಮರೆಯಲ್ಲಿ ಕಾದು, ತಗ್ಗಿನಲ್ಲಿ ನುಗ್ಗಿ ಬಂದು, ಒಂದೇ ಕ್ಷಣದಲ್ಲಿ ಕೆಲಸ ಮುಗಿಸುತ್ತವೆ.

ಓಹಾಯೋದ ಹಿತ್ತಲುಗಳಿಗೆ ಬರುವವು ಮುಖ್ಯವಾಗಿ ಎರಡು. ವರ್ಷವಿಡೀ ಇರುವ ಕೂಪರ್ಸ್ ಹಾಕ್ ಒಂದು, ಚಳಿಗಾಲದಲ್ಲಿ ಹೆಚ್ಚಾಗಿ ಕಾಣುವ ಶಾರ್ಪ್-ಶಿನ್ಡ್ ಹಾಕ್ ಇನ್ನೊಂದು. ಎರಡಕ್ಕೂ ಬೆನ್ನು ಬೂದುನೀಲಿ, ಎದೆಯ ಮೇಲೆ ಕೆಂಗಂದು ಅಡ್ಡಗೆರೆ, ಬೆಳೆದ ಹಕ್ಕಿಗೆ ಕೆಂಪು ಕಣ್ಣು. ಪುಸ್ತಕದಲ್ಲಿ ಕೂಪರ್ಸ್ 37ರಿಂದ 45 ಸೆಂಟಿಮೀಟರ್, ಶಾರ್ಪ್-ಶಿನ್ಡ್ 24ರಿಂದ 34 ಸೆಂಟಿಮೀಟರ್ ಎಂದು ಬರೆದಿರುವುದನ್ನು ನಂಬಿ ನಾನು ಎರಡು ಚಳಿಗಾಲ ಮೋಸಹೋದೆ. ಎರಡರಲ್ಲಿಯೂ ಹೆಣ್ಣು ಗಂಡಿಗಿಂತ ಬಹಳ ದೊಡ್ಡದು; ಹೀಗಾಗಿ ಚಿಕ್ಕ ಜಾತಿಯ ಹೆಣ್ಣು ದೊಡ್ಡ ಜಾತಿಯ ಗಂಡಿನ ಹತ್ತಿರಕ್ಕೆ ಬಂದುಬಿಡುತ್ತದೆ, ಮೂವತ್ತು ಹೆಜ್ಜೆ ದೂರದ ಕೊಂಬೆಯ ಮೇಲೆ ಕುಳಿತದ್ದನ್ನು ಅಳೆಯಲು ನಮ್ಮ ಕೈಯಲ್ಲಿ ಪಟ್ಟಿಯಂತೂ ಇರುವುದಿಲ್ಲ.

ಆದ್ದರಿಂದ ಗಾತ್ರವನ್ನು ಬಿಟ್ಟು ಬಾಲದ ತುದಿಯನ್ನು ನೋಡು. ಶಾರ್ಪ್-ಶಿನ್ಡ್ ಗಿಡುಗದ ಬಾಲ ಕತ್ತರಿಯಿಂದ ಕತ್ತರಿಸಿದಂತೆ ನೇರವಾಗಿರುತ್ತದೆ, ತುದಿಯ ಬಿಳಿ ಅಂಚು ಕೂದಲೆಳೆಯಷ್ಟು. ಕೂಪರ್ಸ್‌ನ ಬಾಲ ದುಂಡಗೆ, ತುದಿಯ ಬಿಳಿಯು ಧೋತರದ ದಡಿಯಂತೆ ಎದ್ದು ಕಾಣುತ್ತದೆ. ಆದರೆ ಬೇಸಿಗೆಯ ಹೊತ್ತಿಗೆ ಈ ದಡಿ ಸವೆದುಹೋಗಿರಬಹುದು. ಆಮೇಲೆ ಹೆಡಕನ್ನು ನೋಡು. ಬೆಳೆದ ಕೂಪರ್ಸ್‌ಗೆ ನೆತ್ತಿ ಕಪ್ಪು, ಹೆಡಕು ತಿಳಿಬಣ್ಣ, ಟೊಪ್ಪಿಗೆ ಇಟ್ಟ ಯಜಮಾನರಂತೆ. ಶಾರ್ಪ್-ಶಿನ್ಡ್‌ಗೆ ಆ ಗಾಢಬಣ್ಣ ಹೆಡಕಿನವರೆಗೂ ಇಳಿದು, ಮಳೆಗೆ ಕಂಬಳಿಯ ಕೊಪ್ಪೆ ಹೊದ್ದ ಕುರುಬರ ಹುಡುಗನಂತೆ ಕಾಣುತ್ತದೆ. ತಲೆ ಚಿಕ್ಕದು, ಕಾಲು ಪೆನ್ಸಿಲಿಗಿಂತಲೂ ತೆಳ್ಳಗೆ. ಒಂದು ಜನವರಿಯಲ್ಲಿ ನಮ್ಮ ಬೇಲಿಯ ಗೂಟದ ಮೇಲೆ ಕುಳಿತು ಜಂಕೋ ಹಕ್ಕಿಯ ಪುಕ್ಕ ಕೀಳುತ್ತಿದ್ದ ಗಿಡುಗವನ್ನು ಅಡುಗೆಮನೆಯ ಗಾಜಿನ ಹಿಂದೆ ನಿಂತು ಹತ್ತು ನಿಮಿಷ ನೋಡಿದೆ. ಬೂದು ಪುಕ್ಕಗಳು ಹಿಮದ ಮೇಲೆ ಉದುರುತ್ತಿದ್ದವು, ಗಾಳಿ ಬೀಸಿದಾಗ ಅದರ ಹೆಡಕಿನ ಗರಿ ಎದ್ದು ನಿಲ್ಲುತ್ತಿತ್ತು, ಆಗ ಕೆಳಗಿನ ತಿಳಿಬಣ್ಣ ಸ್ಪಷ್ಟವಾಗಿ ಕಂಡಿತು. ಎರಡು ವರ್ಷ ಶಾರ್ಪ್-ಶಿನ್ಡ್ ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದ ನನ್ನ ಹಕ್ಕಿ ಗಂಡು ಕೂಪರ್ಸ್ ಆಗಿತ್ತು.

ಮರಿಗಳದ್ದು ಬೇರೆ ತೊಡಕು. ಅವುಗಳ ಬೆನ್ನು ಕಂದು, ಕಣ್ಣು ಹಳದಿ, ಟೊಪ್ಪಿಗೆಯ ಗುರುತು ಇರುವುದಿಲ್ಲ. ಎದೆಯ ಮೇಲಿನ ಉದ್ದಗೆರೆಗಳು ತೆಳ್ಳಗಿದ್ದು ಹೊಟ್ಟೆ ಬೆಳ್ಳಗಿದ್ದರೆ ಕೂಪರ್ಸ್. ದಪ್ಪನಾಗಿ ಹೊಟ್ಟೆಯವರೆಗೂ ಹರಡಿದ್ದರೆ ಶಾರ್ಪ್-ಶಿನ್ಡ್. ಹೆದ್ದಾರಿಯ ದೀಪದ ಕಂಬಗಳ ಮೇಲೆ ಕಾಣುವ ದೊಡ್ಡ ರೆಡ್-ಟೇಲ್ಡ್ ಹಾಕ್ ಇಲಿ, ಅಳಿಲು ಹಿಡಿಯುವಂಥದ್ದು; ಫೀಡರಿನ ಮಟ್ಟಿಗೆ ಅದರ ಚಿಂತೆ ಬೇಡ.

ನೀನು ಕಂಡದ್ದರ ಬಗ್ಗೆ ಒಂದು ಸುಳಿವು ನಿನ್ನ ಮಾತಿನಲ್ಲಿಯೇ ಇದೆ. ಒಯ್ದ ಹಕ್ಕಿ ಬೆಳವದ ಜಾತಿಯ ಮೌರ್ನಿಂಗ್ ಡವ್ ಇರಬೇಕು. ಅದು ಸುಮಾರು 120 ಗ್ರಾಂ ತೂಗುತ್ತದೆ. ಗಂಡು ಶಾರ್ಪ್-ಶಿನ್ಡ್ ತಾನೇ ಸುಮಾರು 100 ಗ್ರಾಂ ಇರುವಾಗ ಅದನ್ನು ಎತ್ತಿಕೊಂಡು ಹಾರುವುದು ಆಗದ ಮಾತು, ಹೆಣ್ಣಿಗೂ ಅದು ಭಾರವೇ. ನನ್ನ ಲೆಕ್ಕದಲ್ಲಿ ನಿನ್ನದು ಕೂಪರ್ಸ್.

ಓಡಿಸುವ ವಿಷಯ. ಮೊದಲ ಚಳಿಗಾಲದಲ್ಲಿ ನಾನು ತಾಟು ಬಡಿಯುತ್ತ ಚಪ್ಪಲಿಯಲ್ಲಿಯೇ ಹಿಮಕ್ಕಿಳಿದೆ; ಗಿಡುಗ ಒಂದು ಕೊಂಬೆ ಮೇಲಕ್ಕೆ ಸರಿದು ಕುಳಿತಿತು, ನನ್ನ ಕಾಲು ಮರಗಟ್ಟಿತು. ಕಲ್ಲು, ಬಲೆ, ಚಾಟರಬಿಲ್ಲಿನ ಯೋಚನೆಯನ್ನಂತೂ ಮಾಡಬೇಡ. ವಲಸೆ ಹಕ್ಕಿಗಳನ್ನು ಕಾಯುವ 1918ರ ಕಾನೂನು 1972ರಿಂದ ಗಿಡುಗಗಳಿಗೂ ಅನ್ವಯಿಸುತ್ತದೆ. ವೀಸಾದ ಮೇಲೆ ಬಂದವರು ಇಂಥದ್ದರಲ್ಲಿ ಸಿಕ್ಕಿಕೊಳ್ಳಬಾರದು. ಮಾಡಬೇಕಾದದ್ದು ಇಷ್ಟೇ: ಒಂದೆರಡು ವಾರ ಫೀಡರ್ ಇಳಿಸಿ ಒಳಗಿಡು. ಗುಬ್ಬಿಗಳು ಬೇರೆಡೆ ಹೋಗುತ್ತವೆ, ಗಿಡುಗವೂ ಹಿಂದೆ ಹೋಗುತ್ತದೆ. ಮತ್ತೆ ಹಾಕುವಾಗ ಹತ್ತು ಹೆಜ್ಜೆಯೊಳಗೆ ದಟ್ಟವಾದ ಪೊದೆ ಇರಲಿ. ಕಿಟಕಿಯಿಂದ 3 ಅಡಿಯ ಒಳಗೆ ಇಲ್ಲವೇ 30 ಅಡಿಯ ಆಚೆ ತೂಗುಹಾಕು, ಏಕೆಂದರೆ ಬೆದರಿದ ಹಕ್ಕಿಗಳು ಗಾಜಿಗೆ ಬಡಿದು ಸಾಯುವುದೂ ಉಂಟು. ನೆಲಕ್ಕೆ ಕಾಳು ಚೆಲ್ಲಬೇಡ, ಬೆಳವಗಳು ಅಲ್ಲಿಯೇ ಗುಂಪಾಗಿ ಕೂಡುತ್ತವೆ.

ಕಾಳು ಹಾಕಿದ್ದು ತಪ್ಪಲ್ಲ. ಫೀಡರ್ ಇಲ್ಲದಿದ್ದರೂ ಗಿಡುಗ ಉಪವಾಸ ಇರುತ್ತಿರಲಿಲ್ಲ, ಇನ್ನೊಬ್ಬರ ಹಿತ್ತಲಿನಲ್ಲಿ ಬೇಟೆಯಾಡುತ್ತಿತ್ತು. ಅದು ಮತ್ತೆ ಬಂದರೆ ಮುಖದ ಫೋಟೊಕ್ಕಾಗಿ ಕಾಯದೆ, ಬೆನ್ನು ತಿರುಗಿಸಿ ಕುಳಿತಾಗ ಹೆಡಕು ಮತ್ತು ಬಾಲದ ತುದಿ ಎರಡೂ ಬರುವಂತೆ ತೆಗೆದು ನನಗೆ ಕಳಿಸು.