ಡ್ರೆಸ್ಡೆನ್ ಗಾಜಿನ ಕಾರ್ಖಾನೆ: ಫೇಟನ್ ಜೋಡಣೆ ನೋಡಲು ಟಿಕೆಟ್ ಏಕೆ ಸಿಗುತ್ತಿಲ್ಲ?

ಜರ್ಮನಿಯ ಡ್ರೆಸ್ಡೆನ್‌ನಲ್ಲಿರುವ ಗಾಜಿನ ಗೋಡೆಗಳ ಕಾರು ಕಾರ್ಖಾನೆಗೆ ತಂದೆಯವರನ್ನು ಕರೆದೊಯ್ದು, ಫೇಟನ್ ಎಂಬ ಐಷಾರಾಮಿ ಕಾರಿನ ಜೋಡಣೆ ತೋರಿಸಬೇಕು, ಆದರೆ ಟಿಕೆಟ್ ಸಿಗುತ್ತಿಲ್ಲ ಎಂದು ಕೇಳಿದ್ದೀರಿ. ನೀವು ಓದಿರುವ ಮಾಹಿತಿ ಬಹುಶಃ ಹಳೆಯದು. ಫೋಕ್ಸ್‌ವ್ಯಾಗನ್‌ನ ಆ ಕಾರ್ಖಾನೆಯಲ್ಲಿ ಫೇಟನ್ ಜೋಡಣೆ 2016ರಲ್ಲೇ ಮುಗಿಯಿತು. ಆಮೇಲೆ ವಿದ್ಯುತ್ ಕಾರುಗಳು ಬಂದವು. 2025ರ ಕೊನೆಗೆ ಅವೂ ನಿಂತವು. ಜೋಡಣೆ ನಡೆಯುತ್ತಿದ್ದಾಗ ಅಲ್ಲಿ ಮೇಪಲ್ ಮರ ಹಾಸಿದ ನೆಲವೇ ಕಾರನ್ನೂ ಬಿಳಿ ಉಡುಪಿನ ಕೆಲಸಗಾರರನ್ನೂ ಹೊತ್ತು ನಿಧಾನವಾಗಿ ಮುಂದೆ ಸರಿಯುತ್ತಿತ್ತು. ಮಂಡ್ಯದಲ್ಲಿ ಇಷ್ಟು ವರ್ಷ ಗ್ಯಾರೇಜ್ ನಡೆಸಿದ ನಿಮ್ಮ ತಂದೆಯವರಿಗೆ ಆ ನೋಟ ತಪ್ಪಿತಲ್ಲ ಎಂದು ನನಗೂ ಬೇಸರವಾಗುತ್ತದೆ.

ಹಾಗೆಂದು ಪ್ರವಾಸ ಕೈಬಿಡಬೇಡಿ. ನಮ್ಮ ಮಾವನವರನ್ನು ಕರೆದೊಯ್ದಾಗ ನಾವು ಮಾಡಿದ್ದನ್ನೇ ಹೇಳುತ್ತೇನೆ. ಮೊದಲು ಕಾರ್ಖಾನೆಗೇ ಮಿಂಚಂಚೆ ಬರೆದು, ನೀವು ಹೋಗುವ ದಿನ ಒಳಗೆ ಬಿಡುತ್ತಾರೆಯೇ ಎಂದು ಕೇಳಿ. ಉತ್ತರ ಬರುವವರೆಗೆ ಮಧ್ಯವರ್ತಿಗಳಿಗೆ ಹಣ ಕೊಡಬೇಡಿ. ಒಳಗೆ ಬಿಡದಿದ್ದರೂ ಸ್ಟ್ರಾಸ್‌ಬರ್ಗರ್ ಪ್ಲಾಟ್ಸ್‌ನಲ್ಲಿ ಟ್ರಾಮ್ ಇಳಿದರೆ ಕಟ್ಟಡ ಎದುರಿಗೇ ಇದೆ. ಕಾರುಗಳನ್ನು ಅಂತಸ್ತು ಅಂತಸ್ತಾಗಿ ನಿಲ್ಲಿಸುತ್ತಿದ್ದ ಗಾಜಿನ ಗೋಪುರ ರಸ್ತೆಯಿಂದಲೇ ಕಾಣುತ್ತದೆ. ಫೇಟನ್‌ನ ಬಿಡಿಭಾಗಗಳು ಆ ಟ್ರಾಮ್ ಹಳಿಗಳ ಮೇಲೆಯೇ, ನೀಲಿ ಬಣ್ಣದ ಸರಕು ಟ್ರಾಮ್‌ನಲ್ಲಿ ಬರುತ್ತಿದ್ದವು. ಇದನ್ನು ತಂದೆಯವರಿಗೆ ಅಲ್ಲೇ ನಿಂತು ತೋರಿಸಿ.

ಮರುದಿನ ರೈಲಿನಲ್ಲಿ ಜ್ವಿಕಾವ್ ನಗರಕ್ಕೆ ಹೋಗಿ. ಫೇಟನ್‌ನ ಹೊರಕವಚ (ಬಾಡಿ) ತಯಾರಾಗುತ್ತಿದ್ದುದು ಅಲ್ಲೇ. ಹಳೆಯ ಆಡಿ ಕಾರು ಕಾರ್ಖಾನೆಯಲ್ಲಿರುವ, ಆ ಕಂಪನಿಯ ಸ್ಥಾಪಕ ಆಗಸ್ಟ್ ಹಾರ್ಷ್ ಹೆಸರಿನ ಸಂಗ್ರಹಾಲಯಕ್ಕೆ ಅರ್ಧ ದಿನವಾದರೂ ಬೇಕು. ಕೈಕೆಲಸ ಬಲ್ಲವರಿಗೆ ನನ್ನ ಮಟ್ಟಿಗೆ ಇದೇ ಹೆಚ್ಚು ತೃಪ್ತಿ ಕೊಡುವ ಜಾಗ. ಸೋಮವಾರ ಬಿಟ್ಟು ಹೋಗುವುದು ಕ್ಷೇಮ.

ಹೊರಡುವ ಮುನ್ನ ಶ್ರೀರಂಗಪಟ್ಟಣದ ಬಳಿಯ ಪಯಣ ಸಂಗ್ರಹಾಲಯಕ್ಕೂ ಕರೆದೊಯ್ಯಿರಿ. ಅಲ್ಲಿನ ಹಳೆಯ ಕಾರುಗಳನ್ನು ನೋಡಿದ ಮೇಲೆ, ಜರ್ಮನಿಯಲ್ಲಿ ಏನನ್ನು ಗಮನಿಸಬೇಕೆಂದು ಅವರೇ ನಿಮಗೆ ಹೇಳುತ್ತಾರೆ.